ಕಡ್ಡಿ ಹಾಕುವ ಲೋಟ

ಇವತ್ತು ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಹಿಡಿಸೂಡಿ, ಅಂದರೆ ಕಡ್ಡಿಪೊರಕೆ, ಕಟ್ಟಲು ತೆಂಗಿನ ಗರಿಯಿಂದ ಕಡ್ಡಿ ಹೆರೆಯುತ್ತಿದ್ದರು. ಹಸಿ ಗರಿಯಿಂದ ಕಡ್ಡಿ ಬೇರೆಯಾಗುವಾಗ ಒಂದು ವಾಸನೆ ಏಳುತ್ತದೆ. ನೀವು ಗಮನಿಸಿರಲಿಕ್ಕಿಲ್ಲ, ಅಷ್ಟು ಸಣ್ಣ ವಾಸನೆ ಅದು. ಎಳೆ ಸೌತೆಕಾಯಿಯನ್ನು ಮುರಿದ ಹಾಗೆ, ಆದರೆ ಸ್ವಲ್ಪ ಒಗರು. ಕೊನೆಗೆ ಹಾಲಿನ ಹಾಗೆ ಏನೋ ಒಂದು. ವಾಸನೆಯನ್ನು ಹೀಗೆ ಬಿಡಿಸಿ ಹೇಳುವ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದವರು ನನ್ನ ಸೋದರಮಾವ. ಯಾವ ವಾಸನೆಯೂ ತಿಳಿಯದ ಮನುಷ್ಯ.

ಓದುತ್ತಿದ್ದ ಪಿಎಸ್‌ಸಿ ಗೈಡನ್ನು ಮಡಚಿಟ್ಟು ಅಮ್ಮನ ರಾಶಿಯಿಂದ ಒಂದು ಹಿಡಿ ಕಡ್ಡಿ ಎತ್ತಿಕೊಂಡೆ. ಬೆರಳುದ್ದಕ್ಕೆ ಕತ್ತರಿಸಿ, ಒಂದೊಂದರ ತುದಿಯನ್ನು ಓರೆಯಾಗಿ ಚೂಪು ಮಾಡತೊಡಗಿದೆ. ಅಮ್ಮ ಕತ್ತಿಯನ್ನು ನಿಲ್ಲಿಸಿ ನೋಡಿದರು.

"ಅದನ್ನೇ ಮಾಡ್ಲಿಕ್ಕುಂಟಾ?"

"ಹೂಂ."

"ಅವನಿಗೆ ನೆನಪು ಮಾಡಿ ಎಂತ ಸಿಗ್ತದೆ ನಿನಗೆ?"

ನಾನು ಇನ್ನೊಂದು ಕಡ್ಡಿ ಎತ್ತಿಕೊಂಡೆ. (ನಮ್ಮ ಮನೆಮಾತು ತುಳು. ಇಲ್ಲಿ ಬರುವ ಮಾತುಗಳನ್ನೆಲ್ಲ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಮಾವನ ಬಾಯಿ ಇದಕ್ಕಿಂತ ಖಾರ.)

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ತಾರೀಕು ಬರೆಯುವ ಜಾತಿಯವನು. ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ, ಗ್ಯಾಸ್ ಸಿಲಿಂಡರಿನ ಕುತ್ತಿಗೆಯಲ್ಲಿ, ಹೊಸ ಚಪ್ಪಲಿಯ ಅಡಿಯಲ್ಲಿ ಸಹ ತಾರೀಕು ಬರೆಯುತ್ತೇನೆ. ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ಬಸ್ಸು ತಡವಾದ ದಿನ ಒಂದು ಗೀಟು, ಸಮಯಕ್ಕೆ ಬಂದ ದಿನ ಒಂದು ಸೊನ್ನೆ. ಇದರಿಂದ ಬಸ್ಸಿಗಾಗಲಿ ನನಗಾಗಲಿ ಉಪಕಾರ ಆದದ್ದಿಲ್ಲ. "ನೀನು ಯಮನ ಹತ್ತಿರ ಸಹ ರಶೀದಿ ಕೇಳುವ ಜನ" ಎಂದು ಅಮ್ಮ ಹೇಳುತ್ತಾರೆ. ಈ ಗೀಟು ಎಳೆಯುವ ಚಟ ನನಗೆ ಹತ್ತಿದ್ದು ಮಾವನ ಕಡ್ಡಿಗಳಿಂದ.

ವಸಂತ ಮಾವ ಪ್ರಯಾಣಿಕರ ಹಡಗಿನಲ್ಲಿ ಅಡುಗೆಯವರಾಗಿದ್ದರು. ಅಮ್ಮನಿಗೆ ಒಬ್ಬನೇ ತಮ್ಮ, ಮದುವೆಯಾಗಲಿಲ್ಲ, ರಜೆಯಲ್ಲಿ ಬಂದರೆ ನಮ್ಮ ಮನೆಯಲ್ಲೇ. ಹಡಗಿನಲ್ಲಿ ಸಾಯಂಕಾಲ ದೊಡ್ಡ ಜನರು ಕೈಯಲ್ಲಿ ಗ್ಲಾಸು ಹಿಡಿದು ಸಮುದ್ರ ನೋಡುತ್ತ ನಿಲ್ಲುವಾಗ ಅವರ ನಡುವೆ ಒಂದು ದುಂಡು ಟ್ರೇ ಹೋಗುತ್ತದಂತೆ. ಅದರ ಮೇಲೆ ಒಂದೇ ಬಾಯಿಗೆ ಆಗುವ ತಿಂಡಿ. ಸಿಗಡಿಗೆ, ಅಂದರೆ ನಾವು ಎಟ್ಟಿ ಎನ್ನುವುದಕ್ಕೆ, ಬೇಕನ್ನಿನ ಒಂದು ಪಟ್ಟಿ ಸುತ್ತಿ, ಕಡ್ಡಿ ಚುಚ್ಚಿ, ಬಿಸಿ ಕಬ್ಬಿಣದ ಮೇಲೆ ಹೊರಳಿಸಿದ್ದು. ಬೇಕನ್ ಎಂದರೆ ಹಂದಿಯ ಹೊಟ್ಟೆಯ ಕಡೆಯ ಮಾಂಸ. ಉಪ್ಪಿನಲ್ಲಿಟ್ಟು, ಹೊಗೆ ಹಿಡಿಸಿ, ತೆಳ್ಳಗೆ ಕೊಯ್ದದ್ದು.

"ಇಷ್ಟು ಸಣ್ಣದರಿಂದ ಯಾರ ಹೊಟ್ಟೆ ತುಂಬ್ತದೆ ಮಾವ?" ಎಂದು ನಾನು ಸಣ್ಣವನಿದ್ದಾಗ ಕೇಳಿದ್ದೆ.

"ತುಂಬಿಸ್ಲಿಕ್ಕೆ ಅಲ್ಲ ಅಳಿಯಾ. ಇದು ಹೊಟ್ಟೆಯನ್ನು ಎಬ್ಬಿಸ್ಲಿಕ್ಕೆ."

ಟ್ರೇಯ ಪಕ್ಕದಲ್ಲಿ ಯಾವಾಗಲೂ ಒಂದು ಖಾಲಿ ಗ್ಲಾಸು ಇರಬೇಕು, ತಿಂದಾದ ಕಡ್ಡಿ ಹಾಕಲು. ಊರಿಗೆ ಬಂದಾಗ ಅದರ ಬದಲು ನಮ್ಮ ಮನೆಯ ಉದ್ದದ ಸ್ಟೀಲ್ ಲೋಟ. ನೆಂಟರು ಬಂದು ಹೋದ ಮೇಲೆ ಮಾವ ಟ್ರೇಯತ್ತ ಕಣ್ಣು ಹಾಕುತ್ತಿರಲಿಲ್ಲ. ಸೀದಾ ಲೋಟ ಎತ್ತಿ ಅಲ್ಲಾಡಿಸುತ್ತಿದ್ದರು. "ಟ್ರೇ ಸುಳ್ಳು ಹೇಳ್ತದೆ ಮಾರಾಯ. ಜನ ಮರ್ಯಾದೆಗೆ ಒಂದು ತೆಗೀತಾರೆ, ನೀನು ಆಚೆ ತಿರುಗಿದ ಕೂಡ್ಲೇ ಹೂವಿನ ಚಟ್ಟಿಗೆ ಹಾಕ್ತಾರೆ. ಕಡ್ಡಿ ಸುಳ್ಳು ಹೇಳುದಿಲ್ಲ. ತಿಂದವನ ಕೈಯಲ್ಲಿ ಮಾತ್ರ ಬರಿಯ ಕಡ್ಡಿ ಉಳಿಯುವುದು." ಲೋಟದ ಕಡ್ಡಿಗಳನ್ನು ಜಗಲಿಯಲ್ಲಿ ಸುರಿದು ಎಣಿಸುವ ಕೆಲಸ ನನ್ನದು. ಐದೈದರ ಕಟ್ಟು ಮಾಡಿ ಎಣಿಸುತ್ತಿದ್ದೆ. ಜಗತ್ತಿನಲ್ಲಿ ನಾನು ಮೊದಲು ಇಟ್ಟ ಲೆಕ್ಕ ಅದು.

ಕೋವಿಡ್ ಕಾಲದಲ್ಲಿ ಮಾವನಿಗೂ ಜ್ವರ ಬಂತು. ಎಲ್ಲರಿಗೂ ಹೋದ ಹಾಗೆ ಅವರಿಗೂ ಮೂಗು ಹೋಯಿತು. ಎಲ್ಲರಿಗೂ ತಿರುಗಿ ಬಂದ ಹಾಗೆ ಅವರಿಗೂ ಬರಬೇಕಿತ್ತು. ಅಮ್ಮನಿಗೆ ಬಂತು, ನನಗೆ ಬಂತು, ನೆರೆಮನೆಯ ತೊಂಬತ್ತು ದಾಟಿದ ಅಜ್ಜಿಗೂ ಬಂತು. ಮಾವನಿಗೆ ಬರಲಿಲ್ಲ. ಕಾಸರಗೋಡಿನ ಡಾಕ್ಟರು ಮೂಗಿಗೆ ದೀಪ ಹಾಕಿ ನೋಡಿ, "ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಗೆ ತಿಳೀತದೆ. ಉಳಿದದ್ದೆಲ್ಲ ಮೂಗಿನ ಕೆಲಸ. ಕಾಯಿರಿ" ಎಂದರು. ಮಾವ ಕಾದರು. ಹಡಗಿನವರು ಕಾಯಲಿಲ್ಲ.

ಮೂಗಿಲ್ಲದ ಮನುಷ್ಯನ ಕಷ್ಟ ನೋಡಿದವರಿಗೆ ಕಾಣುವುದಿಲ್ಲ. ಕುಂಟನಿಗೆ ಬಸ್ಸಿನಲ್ಲಿ ಸೀಟು ಬಿಡುತ್ತಾರೆ. ಇದಕ್ಕೆ ಎಂತ ಬಿಡುವುದು? ಮಾವ ಕಾಫಿಯನ್ನು "ಬಿಸಿ" ಎಂದೂ ಮೊಸರನ್ನು "ತಂಪು" ಎಂದೂ ಕರೆಯತೊಡಗಿದರು. ಒಲೆಯ ಮೇಲೆ ಹಾಲು ಸೀದು ಕರಿಯಾಗುವಾಗ ಪಕ್ಕದಲ್ಲೇ ಪೇಪರ್ ಓದುತ್ತ ಕುಳಿತಿರುತ್ತಿದ್ದರು. ದಿನಕ್ಕೆ ನಾಲ್ಕು ಸಲ ಅಂಗಿ ಬದಲಿಸುತ್ತಿದ್ದರು. ತನ್ನ ಮೈಯ ವಾಸನೆ ತನಗೆ ತಿಳಿಯದಿದ್ದರೆ ಎಲ್ಲರೂ ಅದನ್ನೇ ಮೂಸುತ್ತ ಓಡಾಡುತ್ತಿದ್ದಾರೆ ಎಂದು ಅನ್ನಿಸುತ್ತದಂತೆ.

ಒಂದು ದಿನ ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿ ನನ್ನನ್ನು ಕರೆದರು. "ಎಂತ ಪರಿಮಳ ಬರ್ತಾ ಉಂಟು, ಹೇಳು."

"ಚೆನ್ನಾಗಿ ಉಂಟು ಮಾವ."

"ಚೆನ್ನಾಗಿ ಉಂಟು ಅಂದ್ರೆ ಎಂತ? ನಿನ್ನ ಮೂಗು ಪಿಎಸ್‌ಸಿ ಪರೀಕ್ಷೆ ಬರೀತಾ ಉಂಟಾ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕ್ಲಿಕ್ಕೆ? ಹಸಿ ಹೋಗಿದೆಯಾ? ಬಾದಾಮಿಯ ಹಾಗೆ ಆಯ್ತಾ? ಕಹಿಗೆ ತಿರುಗ್ತಾ ಉಂಟಾ?"

ಅಂದಿನಿಂದ ನಮ್ಮ ಅಡುಗೆಯಲ್ಲಿ 'ಚೆನ್ನಾಗಿ ಉಂಟು' ಎಂಬ ಮಾತಿಗೆ ನಿಷೇಧ. ನಾನು ಅವರ ಮೂಗಾದೆ. ಮೊದಮೊದಲು ದಡ್ಡ ಮೂಗು. ಮಳೆ ಬಿದ್ದ ಗೋಣಿಯ ಹಾಗೆ, ಹೊಸ ಪುಸ್ತಕದ ಹಾಗೆ, ರೈಲ್ವೆ ಸ್ಟೇಷನ್ನಿನ ಬೆಂಚಿನ ಹಾಗೆ ಎಂದೆಲ್ಲ ತಡವರಿಸುತ್ತಿದ್ದೆ. ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಹಾಂ, ಹಾಗಾದ್ರೆ ಇನ್ನು ಅರ್ಧ ನಿಮಿಷ" ಎನ್ನುತ್ತಿದ್ದರು. ಅದು ಸರಿಯಾಗುತ್ತಿತ್ತು. ನನ್ನ ಮೂಗು, ಅವರ ಕೈ. ಇಬ್ಬರೂ ಸೇರಿದರೆ ಒಬ್ಬ ಅಡುಗೆಯವನು ಎಂದು ನಾವು ನಂಬಿದೆವು.

ಆ ದಿನಗಳಲ್ಲಿ ನಾನೇ ಒಮ್ಮೆ ಮೊಟ್ಟೆ ಹುರಿದು ಉಪ್ಪು ಎರಡು ಸಲ ಹಾಕಿದ್ದೆ. ಮಾವ ಒಂದು ತುಂಡು ಬಾಯಿಗಿಟ್ಟು, ಏಳದೆಯೇ ಇಡೀ ಬಾಣಲೆಯನ್ನು ಕಿಟಕಿಯಿಂದ ತೆಂಗಿನ ಬುಡಕ್ಕೆ ಸುರಿದರು. ನನಗೆ ಅವಮಾನ. ಎಂಥ ಬಡವನೂ ತಿನ್ನುತ್ತಿದ್ದ ಮೊಟ್ಟೆಗಳು ಎಂದು ಗೊಣಗಿದೆ. "ತಿಂತಾನೆ. ತಿಂದು ಚೆನ್ನಾಗಿ ಉಂಟು ಅಂತಲೂ ಹೇಳ್ತಾನೆ. ಹಾಗೆ ಹೇಳಿದವ, ಇವನಿಂದ ಆಗುದಿಲ್ಲ ಅಂತ ನಿನ್ನನ್ನು ಬಿಟ್ಟುಬಿಟ್ಟಿದ್ದಾನೆ ಅಂತ ಲೆಕ್ಕ. ಬರ್ಕೋ." ನಾನು ಬರೆದುಕೊಂಡೆ.

ಬೇಕನ್ನಿನ ಕಥೆಗೆ ಬರುತ್ತೇನೆ. ಅಂಗಡಿಯ ಫ್ರೀಜರಿನ ಬೇಕನ್ ನಮ್ಮಂಥವರ ಕೈಗೆ ಎಟಕುವ ಬೆಲೆಯದ್ದಲ್ಲ. ಮಾವ ಮನೆಯಲ್ಲೇ ಮಾಡುತ್ತಿದ್ದರು. ಬೇಳದ ಕಡೆ ಒಬ್ಬ ಪೊರ್ಬುಗಳು, ಎಂದರೆ ಕೊಂಕಣಿ ಕ್ರಿಶ್ಚಿಯನರು, ಆದಿತ್ಯವಾರ ಹಂದಿಮಾಂಸ ಮಾರುತ್ತಿದ್ದರು. ಪದರ ಪದರ ಕೊಬ್ಬಿರುವ ಹೊಟ್ಟೆಯ ತುಂಡು ಯಾರಿಗೂ ಬೇಡವಾಗಿ ಕೊನೆಗೆ ಉಳಿಯುತ್ತಿತ್ತು. ಅದೇ ನಮ್ಮದು. ಕಲ್ಲುಪ್ಪು, ಬೆಲ್ಲದ ಪುಡಿ, ಜಜ್ಜಿದ ಕರಿಮೆಣಸು ತಿಕ್ಕಿ ಒಂದು ವಾರ ಐಸಿನ ಪೆಟ್ಟಿಗೆಯಲ್ಲಿ. ಮನೆಯಲ್ಲಿ ದೈವದ ಕೋಣೆ ಇರುವುದರಿಂದ ಹಂದಿ ಒಳಗೆ ಬರಬಾರದು ಎಂದು ಅಮ್ಮನ ಕಟ್ಟಪ್ಪಣೆ. ಆದ್ದರಿಂದ ಫ್ರಿಜ್ಜೂ ಇಲ್ಲ, ಅಡುಗೆಮನೆಯೂ ಇಲ್ಲ. ಹಿತ್ತಿಲಿನ ಕೊಬ್ಬರಿ ಒಣಗಿಸುವ ಹಳೆಯ ಶೆಡ್ಡೇ ಮಾವನ ಹಡಗು. ಅಲ್ಲೇ ತೆಂಗಿನ ಸಿಪ್ಪೆಯ ಹೊಗೆ ಹಾಕುವುದು, ಅಲ್ಲೇ ಕೊಯ್ಯುವುದು.

ಕೊಯ್ದ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಚೂರಿಯ ಬೆನ್ನಿನಿಂದ ಎಳೆದರೆ ಅದು ಒಂದೂವರೆ ಪಟ್ಟು ಉದ್ದವಾಗುತ್ತದೆ. ಒಂದರಲ್ಲಿ ಎರಡು ಎಟ್ಟಿ ಸುತ್ತಬಹುದು. ದೊಡ್ಡ ಎಟ್ಟಿ ಯಾಕೆ? ಬಡವರ ಸಣ್ಣ ಎಟ್ಟಿಯನ್ನೇ ತಂದು, ಎರಡನ್ನು ಒಂದರ ಡೊಂಕಿಗೆ ಇನ್ನೊಂದರ ಡೊಂಕು ಸೇರಿಸಿ ಜೋಡಿಸಿದರೆ ನೋಡಿದವರಿಗೆ ಒಂದೇ ದೊಡ್ಡದು. ಸ್ವಲ್ಪ ಮೆಣಸಿನ ಪುಡಿ, ಬೆಳ್ಳುಳ್ಳಿ, ಲಿಂಬೆ. ಬೇಕನ್ನನ್ನು ಮೊದಲೇ ಅರ್ಧ ಬೇಯಿಸಿಟ್ಟಿರಬೇಕು, ಇಲ್ಲದಿದ್ದರೆ ಅದು ಬೇಯುವ ಹೊತ್ತಿಗೆ ಒಳಗಿನ ಎಟ್ಟಿ ರಬ್ಬರ್. ಪಟ್ಟಿಯ ತುದಿ ಸೇರುವ ಮಡಿಕೆ ಅಡಿಗೆ ಬರುವ ಹಾಗೆ ಕಾವಲಿಯಲ್ಲಿಡಬೇಕು. ಎಣ್ಣೆ ಬೇಡ, ಅದರದೇ ಕೊಬ್ಬು ಸಾಕು. ಕಾವಲಿಯ ಸದ್ದು ಸೊರ್ರೆಂಬುದರಿಂದ ಚಿಟಿಚಿಟಿಗೆ ತಿರುಗಿದಾಗ ಹೊರಳಿಸಬೇಕು. ಈ ಸದ್ದನ್ನು ಮಾವ ಶೆಡ್ಡಿನ ಹೊರಗಿನಿಂದಲೇ ಹಿಡಿಯುತ್ತಿದ್ದರು. ಉಳಿದದ್ದಕ್ಕೆ ನಾನು.

ಹೀಗಿರುವಾಗ ನೆರೆಯ ಸದಾಶಿವಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ಸಾಯಂಕಾಲದ ಮೆಹೆಂದಿ ನಮ್ಮ ಕಡೆ ಈಗ ಮದುವೆಗಿಂತ ದೊಡ್ಡದು. ಮರುದಿನ ಮುಹೂರ್ತಕ್ಕೆ ಸಾರು, ಪಾಯಸ. ಮೀನು, ಮಾಂಸ, ಕುಣಿತ ಎಲ್ಲ ಹಿಂದಿನ ದಿನವೇ. ಸದಾಶಿವಣ್ಣ ಒಮ್ಮೆ ನಮ್ಮ ಶೆಡ್ಡಿನಲ್ಲಿ ಕುಳಿತು ತಿಂದು ಕಡ್ಡಿ ಚೀಪಿದ್ದವರು. "ವಸಂತಾ, ಸ್ಟಾರ್ಟರ್ ನೀನೇ ಮಾಡು. ಮಂಗಳೂರಿನಿಂದ ತರಿಸಿದರೆ ನನ್ನ ಚರ್ಮ ಸುಲೀತಾರೆ" ಎಂದರು.

ಮಾವ ಅಂದು ಊಟಕ್ಕೆ ಕೂರುವಾಗ ಅಮ್ಮನಿಗೆ ಹೇಳಿದ್ದು ನನಗೆ ನೆನಪಿದೆ. "ಅಕ್ಕಾ, ಇದೊಂದು ಸರಿ ಆದ್ರೆ ಸಾಕು. ಅಲ್ಲಿಗೆ ಬರುವವರು ಎಲ್ಲ ಮದುವೆ ಮಾಡಿಸುವ ಪ್ರಾಯದವರು. ಒಬ್ಬರು ಕರೆದ್ರೆ ಹತ್ತು ಮಂದಿ ಕರೀತಾರೆ. ನನಗೆ ಹಡಗು ಬೇಡ." ಅನ್ನ ಕಲಸುತ್ತ ಮತ್ತೆ ಹೇಳಿದರು: "ಸರಿ ಆಗದಿದ್ರೆ ನಾನು ಇನ್ನು ಅಡುಗೆಯವ ಅಂತ ಹೇಳಿಕೊಳ್ಳುದಿಲ್ಲ."

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಆ ವರ್ಷ ವೃಶ್ಚಿಕ ಮಾಸ ಹತ್ತಿರ ಬರುವಾಗ ನನಗೊಂದು ಯೋಚನೆ ಬಂತು. ಡಾಕ್ಟರರ ಔಷಧ ಆಯಿತು, ನಾಟಿ ಎಣ್ಣೆ ಆಯಿತು, ಮುಳ್ಳೇರಿಯದ ಕಡೆಯ ಒಬ್ಬರು ಪಂಡಿತರ ನಸ್ಯವೂ ಆಯಿತು. ಉಳಿದದ್ದು ದೇವರು. ಮಾವನ ಮೂಗು ತಿರುಗಿ ಬರಲಿ ಎಂದು ಹರಕೆ ಹೊತ್ತು ನಾನು ಶಬರಿಮಲೆಗೆ ಮಾಲೆ ಹಾಕಿದೆ. ಯಾಕೆ ಎಂದು ಮಾವನಿಗೆ ಹೇಳಲಿಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳಬಾರದು ಎಂಬುದೊಂದು, ಹೇಳಿದರೆ ನಗುತ್ತಾರೆ ಎಂಬುದು ಇನ್ನೊಂದು.

ಮಾಲೆ ಹಾಕಿದ ಮೇಲೆ ನಿಯಮ ಗೊತ್ತಲ್ಲ. ಎರಡು ಹೊತ್ತು ತಣ್ಣೀರ ಸ್ನಾನ, ಕಪ್ಪು ಪಂಚೆ, ಮೀನು ಮಾಂಸದ ಹತ್ತಿರ ಸುಳಿಯುವಂತಿಲ್ಲ. ನನಗೆ ಅಡುಗೆ ಮಾಡಿ ಹಾಕಬೇಕಾದ್ದರಿಂದ ಅಮ್ಮನೂ ಮುಟ್ಟುವಂತಿಲ್ಲ. ಮನೆಯಲ್ಲಿದ್ದ ಎರಡು ಮೂಗುಗಳೂ ಹೀಗೆ ಒಂದೇ ದಿನ ರಜೆ ಹಾಕಿದವು. ಸದಾಶಿವಣ್ಣನ ಮನೆಯ ಮೆಹೆಂದಿ ನನ್ನ ವ್ರತದ ನಡುವೆ ಬರುತ್ತದೆ ಎಂಬುದು ಮಾಲೆ ಹಾಕುವಾಗ ನನಗೆ ಗೊತ್ತಿತ್ತು. ತಾರೀಕು ಬರೆದೇ ಇಟ್ಟಿದ್ದೆ. ಅಷ್ಟರೊಳಗೆ ಮೂಗು ಬಂದಿರುತ್ತದೆ ಎಂದು ಎಣಿಸಿದ್ದೆ. ದೇವರಿಗೂ ನಾನು ಕೊನೆಯ ದಿನಾಂಕ ಕೊಟ್ಟಿದ್ದೆ, ನೋಡಿ.

ಮಾವ ತಮಾಷೆ ಮಾಡಿದರು. ಮಾಲೆ ಹಾಕಿದವನನ್ನು ಎಲ್ಲರೂ ಸ್ವಾಮಿ ಎಂದೇ ಕರೆಯಬೇಕು, ಅವನ ಮಾವನೂ ಸಹ. "ಸ್ವಾಮೀ, ತಮ್ಮ ಮೂಗಿಗೆ ಎಷ್ಟು ದಿನ ರಜೆ?" ಎಂದು ಶೆಡ್ಡಿನಿಂದಲೇ ಕೂಗುತ್ತಿದ್ದರು. "ಪರವಾಗಿಲ್ಲ ಸ್ವಾಮೀ. ಎಟ್ಟಿ ತಾಜಾ ಉಂಟಾ ಅಂತ ನನಗೆ ಕಣ್ಣಿನಿಂದಲೇ ಗೊತ್ತಾಗ್ತದೆ. ತಲೆ ಗಟ್ಟಿ ಕೂತಿದ್ರೆ, ಚಿಪ್ಪು ಹೊಳೀತಾ ಇದ್ರೆ ತಾಜಾ." ಅದು ನಿಜ. ಅವರ ಕಣ್ಣು ತಪ್ಪುತ್ತಿರಲಿಲ್ಲ.

ಆದರೆ ಮೆಹೆಂದಿಗೆ ಬೇಕಾದದ್ದು ಬಹಳ ಎಟ್ಟಿ. ಒಬ್ಬರೇ ಕುಳಿತು ಸುಲಿಯಲು ಆಗದು. ಸುಲಿಯುವ ಕೆಲಸ ಯಾವಾಗಲೂ ನನ್ನದು ಮತ್ತು ಅಮ್ಮನದು. ಮಾವ ಎಟ್ಟಿ ಸುಲಿಯುವ ಒಂದು ಶೆಡ್ಡಿಗೆ ಹೋಗಿ ತಲೆ ತೆಗೆದು ಚಿಪ್ಪು ಸುಲಿದಿಟ್ಟದ್ದನ್ನೇ ತಂದರು. ಅಗ್ಗಕ್ಕೂ ಸಿಕ್ಕಿತು. ತಲೆಯಿಲ್ಲ, ಚಿಪ್ಪಿಲ್ಲ. ಕಣ್ಣಿಗೆ ನೋಡಲು ಏನೂ ಉಳಿದಿರಲಿಲ್ಲ. ಬೆಳ್ಳಗೆ ತೊಳೆದು ಐಸಿನಲ್ಲಿಟ್ಟ ಎಟ್ಟಿ ಹಳತೋ ಹೊಸತೋ ಎಂದು ಹೇಳಬಲ್ಲದ್ದು ಒಂದೇ.

ಆ ಮಧ್ಯಾಹ್ನ ಶೆಡ್ಡಿನಿಂದ ಸಿಪ್ಪೆಯ ಹೊಗೆ ಏಳುತ್ತಿತ್ತು. ನಾನು ಅಂಗಳದ ಈಚೆ ತುಳಸಿಕಟ್ಟೆಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದೆ. ಮಾವ ಬಾಗಿಲಿನಲ್ಲಿ ಕಾಣಿಸಿಕೊಂಡು ಒಂದು ಕ್ಷಣ ನನ್ನ ಕಡೆ ನೋಡಿದರು. ಕೈಯಲ್ಲಿ ಬಟ್ಟಲು ಇತ್ತು. ಏನೋ ಕೇಳಲು ಹೊರಟವರು ನನ್ನ ಕಪ್ಪು ಪಂಚೆಯನ್ನೂ ಕುತ್ತಿಗೆಯ ಮಾಲೆಯನ್ನೂ ನೋಡಿ, "ಎಂತ ಇಲ್ಲ ಸ್ವಾಮೀ" ಎಂದು ಒಳಗೆ ಹೋದರು. ಹೊಗೆಯಲ್ಲಿ ನನಗೆ ಬೇರೆ ವಾಸನೆ ಬರಲಿಲ್ಲ.

ಸಾಯಂಕಾಲ ಸದಾಶಿವಣ್ಣನ ಅಂಗಳದಲ್ಲಿ ಬಣ್ಣದ ಬಲ್ಬು, ಹಾಡು, ಮಕ್ಕಳ ಓಟ. ನಾನು ಊಟ ಮಾಡುವಂತಿರಲಿಲ್ಲ, ಒಲೆಯಿಂದ ದೂರವಿದ್ದು ಕುರ್ಚಿ ಹಾಕಲು ಹೋಗಿದ್ದೆ. ಮಾವ ಮೂಲೆಯಲ್ಲಿ ಗ್ಯಾಸ್ ಒಲೆಯ ಮುಂದೆ, ಹಡಗಿನ ಹಳೆಯ ಬಿಳಿ ಕೋಟು ಹಾಕಿಕೊಂಡು, ಇಸ್ತ್ರಿಯ ಗೆರೆ ಕೂಡ ಸರಿಯಾಗಿ. ಪಕ್ಕದಲ್ಲಿ ನಮ್ಮ ಸ್ಟೀಲ್ ಲೋಟ. ಕಾವಲಿಯ ಸದ್ದು ಚಿಟಿಚಿಟಿಗೆ ತಿರುಗಿದ್ದು ನನಗೂ ಕೇಳಿಸಿತು. ಮೊದಲ ಟ್ರೇ ಹೊರಟಿತು.

ಅದರ ಹಿಂದೆಯೇ ಆ ವಾಸನೆ ಬಂತು. ಮಾವ ಕಲಿಸಿದ ಹಾಗೆ ಬಿಡಿಸಿ ಹೇಳುವುದಾದರೆ, ಮೊದಲು ಹೊಗೆ, ಬೆಲ್ಲ, ಕೊಬ್ಬು, ಎಲ್ಲ ಒಳ್ಳೆಯದೇ. ಅದರ ಅಡಿಯಿಂದ ಮೂಗಿಗೆ ಚುಚ್ಚುವ, ಮೂತ್ರದ ಹಾಗಿನ ಒಂದು ಘಾಟು. ಹಾಳಾದ ಎಟ್ಟಿಯನ್ನು ಬಿಸಿ ಮಾಡಿದಾಗ ಜೋರಾಗಿ ಏಳುವಂಥದ್ದು. ನಾನು ಕುರ್ಚಿ ಕೆಳಗಿಟ್ಟು ಓಡಿದೆ. ದಾರಿಯಲ್ಲಿ ಸದಾಶಿವಣ್ಣ ನನ್ನ ಎದುರು ಬಂದು ನಿಂತರು.

"ಬೇಡ ಸ್ವಾಮೀ."

"ಅದು ಹಾಳಾಗಿದೆ ಅಣ್ಣ. ಯಾರಾದ್ರೂ ತಿಂದ್ರೆ..."

"ಯಾರೂ ತಿನ್ನುದಿಲ್ಲ. ಅವನು ಕಾವಲಿಗೆ ಹಾಕಿದ ಕೂಡ್ಲೇ ನನಗೆ ನಾತ ಬಂತು. ಎಲ್ಲರಿಗೂ ಹೇಳಿಟ್ಟಿದ್ದೇನೆ. ತೆಗೊಳ್ಳಿ, ಬಾಯಿಗೆ ಹಾಕ್ಬೇಡಿ, ಹಿಂದೆ ಬಾಳೆಯ ಬುಡಕ್ಕೆ ಬಿಸಾಡಿ ಅಂತ. ಮಕ್ಕಳನ್ನು ಆಚೆ ಕೂರಿಸಿ ಆಯ್ತು." ಅವರು ಮಾವನ ಕಡೆ ನೋಡಿದರು. "ಆ ಮುಖ ನೋಡಿ. ನನ್ನ ಮಗಳ ಶುಭದ ದಿನ ಅದನ್ನು ನಾನು ಹೇಗೆ ಒಡೆಯುವುದು?"

ಆ ಮುಖವನ್ನು ನಾನೂ ನೋಡಿದೆ. ಅಷ್ಟು ಸಂತೋಷದ ಮುಖವನ್ನು ಜ್ವರ ಬಂದ ಮೇಲೆ ನೋಡಿರಲಿಲ್ಲ. ಆ ನಾತದ ನಟ್ಟನಡುವೆ ನಿಂತು ಮಾವ ನಗುತ್ತಿದ್ದರು. "ಬಿಸಿ ಇರುವಾಗಲೇ ತಿನ್ನಬೇಕು, ಬನ್ನಿ ಬನ್ನಿ" ಎಂದು ಕೈಬೀಸಿ ಕರೆಯುತ್ತಿದ್ದರು. ಜನ ಬಂದರು. ನಮ್ಮ ಊರಿನ ಜನ ಒಳ್ಳೆಯವರು. ಸೀರೆಯ ಸೆರಗು ಮೂಗಿಗೆ ಹಿಡಿಯದೆ, ಮುಖ ಸಿಂಡರಿಸದೆ, ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರು. "ಫಸ್ಟ್ ಕ್ಲಾಸ್ ವಸಂತಣ್ಣ" ಎಂದರು. ಬೆನ್ನು ತಟ್ಟಿದರು. ನಿಧಾನಕ್ಕೆ, ಗಡಿಬಿಡಿ ಮಾಡದೆ, ಹಿತ್ತಿಲಿನ ಕತ್ತಲೆಗೆ ನಡೆದು ಬರಿಗೈಯಲ್ಲಿ ತಿರುಗಿ ಬಂದರು. ಇಡೀ ಊರು ಒಟ್ಟಾಗಿ ಒಬ್ಬ ಮನುಷ್ಯನಿಗೆ ಇಷ್ಟು ಪ್ರೀತಿಯಿಂದ ಮೋಸ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ರೇಗಳು ಖಾಲಿಯಾಗಿ ಬಂದವು. ಮಾವ ಇನ್ನೊಂದು ಕಾವಲಿ ಇಟ್ಟರು. ಅದೂ ಖಾಲಿ. ನನ್ನನ್ನು ಕಂಡು ಹುಬ್ಬು ಹಾರಿಸಿದರು. ನಾನು ಅವರನ್ನಲ್ಲ, ಲೋಟವನ್ನು ನೋಡುತ್ತಿದ್ದೆ. ಸದಾಶಿವಣ್ಣ ಎಲ್ಲವನ್ನೂ ಯೋಚಿಸಿದ್ದರು, ಕಡ್ಡಿಯನ್ನು ಯೋಚಿಸಿರಲಿಲ್ಲ. ಅದನ್ನು ಅವರಿಗೆ ಯಾರು ಹೇಳಬೇಕಿತ್ತು? ನಾನೇ ಬೇಗ ಹೋಗಿ ಎಲ್ಲಿಂದಾದರೂ ಒಂದು ಹಿಡಿ ಕಡ್ಡಿ ತಂದು ಅದರಲ್ಲಿ ಹಾಕಿಬಿಡಲೇ ಎಂದು ಯೋಚಿಸುತ್ತಿರುವಾಗ ಮಾವನ ಕೈ ಅಭ್ಯಾಸದಿಂದ ಅತ್ತ ಹೋಯಿತು. ಲೋಟ ಎತ್ತಿ ಅಲ್ಲಾಡಿಸಿದರು.

ಸದ್ದಿಲ್ಲ.

ಒಳಗೆ ಇಣುಕಿ ನೋಡಿದರು. ಬಗ್ಗಿ ಮೇಜಿನ ಅಡಿ ನೋಡಿದರು. ಅಂಗಳದ ನೆಲವನ್ನೂ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಕರೆದರು. ಈ ಸಲ ತಮಾಷೆ ಇರಲಿಲ್ಲ.

"ಸ್ವಾಮೀ, ನಿಮ್ಮ ಮೂಗಿಗೆ ಎಂತ ಬರ್ತಾ ಉಂಟು?"

"ಎಟ್ಟಿ ಹಾಳಾಗಿದೆ ಮಾವ."

"ಈಗ ಬೇಯಿಸಿದ್ದು ಮಾತ್ರವಾ?"

"ಮೊದಲಿನಿಂದ."

ಅವರು ಗ್ಯಾಸ್ ಆರಿಸಿದರು. ಕಾವಲಿಯಲ್ಲಿ ಉಳಿದದ್ದನ್ನು ಬಕೆಟಿಗೆ ಸುರಿದು, ಅದರ ಮೇಲೆ ಬಟ್ಟೆ ಮುಚ್ಚಿ, ಕಾವಲಿಯನ್ನು ಒರೆಸಿದರು. ಬಹಳ ಹೊತ್ತು ಒರೆಸಿದರು. "ಅಷ್ಟು ಹೊತ್ತೂ ನಾನು ನಗ್ತಾ ನಿಂತಿದ್ದೆ, ಅಲ್ವಾ?" ಎಂದರು. ಹೋಗುವಾಗ ಬಿಳಿ ಕೋಟನ್ನು ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಸದಾಶಿವಣ್ಣ ಗೇಟಿನವರೆಗೂ ಬಂದು, "ವಸಂತಾ, ಊಟ ಮಾಡಿ ಹೋಗು ಮಾರಾಯ" ಎಂದರು. "ಬೇಡ ಅಣ್ಣ, ಹಸಿವಿಲ್ಲ" ಎಂದರು ಮಾವ.

ವ್ರತ ನಡುವಿನಲ್ಲಿ ಬಿಡುವಂತಿಲ್ಲ. ಇರುಮುಡಿ ಹೊತ್ತು ನಾನು ಬೆಟ್ಟ ಹತ್ತಿದೆ. ಹದಿನೆಂಟು ಮೆಟ್ಟಿಲಿನ ಮೇಲೆ ತುಪ್ಪ, ಕರ್ಪೂರ, ಸಾವಿರಾರು ಮೈಗಳ ಬೆವರು, ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗಿತು. ಒಬ್ಬ ಮನುಷ್ಯನಿಗೆ ಇಷ್ಟೊಂದು ಯಾಕೆ ಎಂದು ಸಿಟ್ಟು ಬಂತು. ಬೇಡಿಕೊಳ್ಳಬೇಕಾದ ಮಾತನ್ನು ನಲವತ್ತೊಂದು ದಿನ ಅಭ್ಯಾಸ ಮಾಡಿದ್ದೆ. ಗರ್ಭಗುಡಿಯ ನಡೆಯ ಎದುರು ನಿಂತಾಗ ಬಾಯಿಗೆ ಬರಲಿಲ್ಲ. ಹಿಂದಿನವರು ನೂಕಿದರು, ನನ್ನ ಸರದಿ ಮುಗಿಯಿತು. ಮನೆಗೆ ಬಂದು ಪ್ರಸಾದದ ಅರವಣ ಪಾಯಸದ ಡಬ್ಬಿ ತೆರೆದು ಮಾವನಿಗೆ ಒಂದು ಚಮಚ ಕೊಟ್ಟೆ. ಚಪ್ಪರಿಸಿ ನೋಡಿ, "ಸಿಹಿ ಉಂಟು" ಎಂದರು. ಅಷ್ಟೇ.

ಆಮೇಲೆ ಮಾವ ಶೆಡ್ಡಿಗೆ ಹೋಗಲಿಲ್ಲ. ಮೂಗೂ ಬರಲಿಲ್ಲ. ಈಗ ಕಾಸರಗೋಡಿನ ಒಂದು ಬಟ್ಟೆಯಂಗಡಿಯ ಗಾಜಿನ ಬಾಗಿಲು ತೆರೆಯುವ ಕೆಲಸ. ನೀಲಿ ಯೂನಿಫಾರ್ಮು, ತಲೆಗೆ ಟೊಪ್ಪಿ. ಬಂದವರಿಗೆಲ್ಲ "ಬನ್ನಿ" ಎನ್ನಬೇಕು, ಕನ್ನಡದಲ್ಲೋ ಮಲಯಾಳದಲ್ಲೋ ಮುಖ ನೋಡಿ. "ಬಂದವರು ಖಾಲಿ ಕೈಯಲ್ಲಿ ಹೋದ್ರೂ ನನಗೆ ಲೆಕ್ಕ ಇಲ್ಲ" ಎಂದು ಒಮ್ಮೆ ಹೇಳಿದ್ದರು.

ಇವತ್ತು ಅವರಿಗೆ ರಜೆ. ನಾನು ಕಳೆದ ವಾರವೇ ಬೇಳಕ್ಕೆ ಹೋಗಿ ಮಾಂಸ ತಂದು, ಉಪ್ಪು ಬೆಲ್ಲ ತಿಕ್ಕಿ, ಶೆಡ್ಡಿನ ಜೇಡರ ಬಲೆ ತೆಗೆದು, ಹೊಗೆ ಹಾಕಿದ್ದೆ. ಎಟ್ಟಿಯನ್ನು ತಲೆ ಚಿಪ್ಪು ಸಮೇತ ತಂದು ಮೂರು ಸಲ ಮೂಸಿ ನೋಡಿದೆ. ಎಲ್ಲವನ್ನೂ ಆಗ ಬರೆದಿಟ್ಟ ಅಳತೆಯ ಪ್ರಕಾರವೇ ಮಾಡಿದೆ. ಸುತ್ತಿದೆ, ಚುಚ್ಚಿದೆ, ಸದ್ದು ತಿರುಗಿದಾಗ ಹೊರಳಿಸಿದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಾವನ ಪಕ್ಕದಲ್ಲಿ ತಟ್ಟೆ ಇಟ್ಟೆ, ಲೋಟವನ್ನೂ ಇಟ್ಟೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಒಂದನ್ನು ಬಾಯಿಗಿಟ್ಟುಕೊಂಡರು. ದವಡೆ ಒಮ್ಮೆ ನಿಂತ ಹಾಗಾಯಿತು. ಮತ್ತೆ ಆಡಿತು. ಕಡ್ಡಿಯನ್ನು ಲೋಟಕ್ಕೆ ಹಾಕಿದರು. ಟಿಣ್ಣೆಂದಿತು. ಇನ್ನೊಂದು. ಮತ್ತೊಂದು. ಪೇಪರಿನಿಂದ ಕಣ್ಣೆತ್ತದೆ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು.

"ಹೇಗುಂಟು ಮಾವ?"

"ಚೆನ್ನಾಗಿ ಉಂಟು" ಎಂದರು.

ಎದ್ದು ಬಾವಿಕಟ್ಟೆಯ ಕಡೆ ಹೋದರು. ನಾನು ಶೆಡ್ಡಿಗೆ ಬಂದು, ಕಾವಲಿಯ ಅಂಚಿನಲ್ಲಿ ಉಳಿದಿದ್ದ ಒಂದನ್ನು ಬಾಯಿಗೆ ಹಾಕಿದೆ. ಉಪ್ಪು. ನಾಲಗೆಯನ್ನು ಹಿಂಡುವ, ಕಣ್ಣಲ್ಲಿ ನೀರು ತರಿಸುವ ಉಪ್ಪು. ಆಗ ನೆನಪಾಯಿತು. ಕೊಯ್ದ ಪಟ್ಟಿಗಳನ್ನು ಮಾವ ನೀರಿನಲ್ಲಿ ಹಾಕಿಡುತ್ತಿದ್ದರು, ಉಪ್ಪು ಬಿಡಲೆಂದು, ಎರಡು ಸಲ ನೀರು ಬದಲಿಸಿ. ಮಾತನಾಡುತ್ತ ಮಾತನಾಡುತ್ತ ಕೈ ಮಾಡುತ್ತಿದ್ದ ಕೆಲಸ ಅದು. ಅಳತೆ ಇಲ್ಲದ್ದನ್ನು ನಾನು ಬರೆದುಕೊಳ್ಳುವವನಲ್ಲ.

ವಾಸನೆ ಹೋದರೂ ಉಪ್ಪು ಅವರಿಗೆ ತಿಳಿಯುತ್ತದೆ. ಅವರಿಗೆ ಉಳಿದಿರುವುದೇ ಅದು.

ಬಾವಿಕಟ್ಟೆಯಲ್ಲಿ ಮಾವ ಕೊಡಪಾನದಿಂದಲೇ ಬಾಯಿಗೆ ಸುರಿದುಕೊಂಡು ನೀರು ಕುಡಿಯುತ್ತಿದ್ದರು. ನಿಲ್ಲಿಸಿದರು, ಉಸಿರು ತೆಗೆದುಕೊಂಡರು, ಮತ್ತೆ ಕುಡಿದರು. ಜಗಲಿಯಲ್ಲಿ ಅಮ್ಮ ಲೋಟವನ್ನು ಎತ್ತಿ ಅಲ್ಲಾಡಿಸಿದ್ದು ನನಗೆ ಶೆಡ್ಡಿನವರೆಗೆ ಕೇಳಿಸಿತು.

"ನೋಡು ಮಗಾ, ಒಂದೂ ಬಿಡಲಿಲ್ಲ ಅವನು!" ಎಂದು ಅಮ್ಮ ಕೂಗಿ ಹೇಳಿದರು. "ಎಣಿಸಿ ಬರ್ಕೊಳ್ಳುದಿಲ್ವಾ?"

ಲೋಟ ಈಗ ನನ್ನ ಮೇಜಿನ ಮೇಲಿದೆ. ಕಡ್ಡಿಗಳನ್ನು ನಾನು ಎಣಿಸಿಲ್ಲ.